ಬ್ಲಾಬ್‌ಫಿಶ್‌ಗೆ ರಬ್ಬರ್ ಹಾಲಿನ ಚರ್ಮ

ಆಳಸಮುದ್ರದ ಮೀನು ಬ್ಲಾಬ್‌ಫಿಶ್ ಅಂದರೆ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೋ. ಗುಲಾಬಿ ಬಣ್ಣದ ಲೊಳಲೊಳ ಮೈ, ಜೋತುಬಿದ್ದ ಮೂಗು, ಕೆಳಕ್ಕೆ ಬಾಗಿದ ಬಾಯಿ, ಇಡೀ ಲೋಕದ ಮೇಲೆ ಬೇಸರ ಬಂದಂಥ ಮುಖ. ವಿಜ್ಞಾನ ಪ್ರದರ್ಶನಕ್ಕೆ ಇದರದ್ದೊಂದು ಮಾದರಿ ಮಾಡಿಕೊಡಿ ಅಂತ ಏಳನೇ ಕ್ಲಾಸಿನ ಮಕ್ಕಳು ನನ್ನ ಬೆನ್ನುಬಿದ್ದಿದ್ದರು. ನಾನು ಉಡುಪಿ ಜಿಲ್ಲೆಯ ಒಂದು ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು. ಚೌತಿ ಬಂದರೆ ಗಣಪತಿಯನ್ನೂ ಮಾಡುತ್ತೇನೆ. ಹಾಗಾಗಿ ಮಣ್ಣು, ಅಚ್ಚು ನನಗೆ ಹೊಸತಲ್ಲ. ಆದರೆ ಈ ಮೀನಿನ ಬಗ್ಗೆ ಸ್ವಲ್ಪ ಓದಿದ ಮೇಲೆ, ಇದನ್ನು ಮಣ್ಣಲ್ಲಿ ಮಾಡಿ ಬಣ್ಣ ಬಳಿದಿಟ್ಟರೆ ಪ್ರಯೋಜನವಿಲ್ಲ ಅನ್ನಿಸಿತು. ಆ ಫೋಟೋದಲ್ಲಿ ಕಾಣುವುದು ನೀರಿಂದ ಹೊರಗೆ ಬಂದ ಮೇಲೆ ಮೀನಿಗಾದ ಗತಿ. ಗಟ್ಟಿ ಮೂರ್ತಿಯಲ್ಲಿ ಅದನ್ನು ತೋರಿಸುವುದು ಹೇಗೆ?

ಫೋಟೋದ ಕಥೆ ಹೀಗಿದೆ. 2003ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ವಿಜ್ಞಾನಿಗಳು ಜೊತೆಯಾಗಿ ಆಳಸಮುದ್ರದ ಜೀವಿಗಳನ್ನು ಹುಡುಕಿಕೊಂಡು ಹೊರಟಿದ್ದರು. ಆ ಯಾತ್ರೆಗೆ ನಾರ್‌ಫಾಂಜ್ ಅಂತ ಹೆಸರು. ನ್ಯೂಜಿಲೆಂಡಿನ ವಾಯವ್ಯಕ್ಕೆ ಸಮುದ್ರದಡಿಯಲ್ಲಿ ನಾರ್ಫೋಕ್ ರಿಜ್ ಅನ್ನುವ ಬೆಟ್ಟಸಾಲು ಇದೆ. ಅಲ್ಲಿ 1,013ರಿಂದ 1,340 ಮೀಟರ್ ಆಳದಲ್ಲಿ ಎಳೆದ ಬಲೆಯಲ್ಲಿ ಈ ಮೀನು ಬಂತು. ಯಾತ್ರೆಯಲ್ಲಿದ್ದ ಕೆರಿನ್ ಪಾರ್ಕಿನ್ಸನ್ ಅದರ ಫೋಟೋ ತೆಗೆದರು. ಮೀನಿಗೆ ಮಿಸ್ಟರ್ ಬ್ಲಾಬಿ ಅಂತ ಅಡ್ಡಹೆಸರು ಬಿತ್ತು. ಈಗ ಅದು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿ ಆಲ್ಕೋಹಾಲ್‌ನಲ್ಲಿ ಮುಳುಗಿಕೊಂಡಿದೆ. ಮೈ ಬಿಗಿದು ಆ ಪ್ರಸಿದ್ಧ ಮೂಗೇ ಕುಗ್ಗಿಹೋಗಿದೆ.

ಆ ಫೋಟೋದ ಪ್ರಿಂಟನ್ನು ನಮ್ಮ ಬೀದಿಗೆ ಮೀನು ಮಾರಲು ಬರುವ ಅಜ್ಜಿಗೆ ಸುಮ್ನೆ ತೋರಿಸಿದೆ. ಅವರು ನಗಲಿಲ್ಲ. ಇದು ಬಲೆಯಲ್ಲಿ ಉಳಿದ ಮೀನುಗಳ ಜೊತೆ ಹೊರಳಾಡಿ ಬಂದಿದೆ, ಚರ್ಮ ಸಡಿಲ ಬಿದ್ದಿದೆ, ಇದರ ಮೈ ಹೀಗಿರಲಿಕ್ಕಿಲ್ಲ ಅಂದರು. ನಾನು ಅಷ್ಟು ಓದಿ ತಿಳಿದುಕೊಂಡದ್ದನ್ನು ಅವರು ಒಂದೇ ನೋಟಕ್ಕೆ ಹೇಳಿಬಿಟ್ಟರು.

ಸಾವಿರ ಮೀಟರ್ ಆಳದಲ್ಲಿ ಒತ್ತಡ ಇಲ್ಲಿನ ನೂರು ಪಟ್ಟು. ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು ನೂರು ಕೆಜಿ ಭಾರ. ಅನೇಕ ಮೀನುಗಳ ಹೊಟ್ಟೆಯಲ್ಲಿ ತೇಲಲಿಕ್ಕೆಂದು ಗಾಳಿಚೀಲ ಇರುತ್ತದೆ. ಅಷ್ಟು ಆಳದಲ್ಲಿ ಗಾಳಿಚೀಲ ಇಟ್ಟುಕೊಳ್ಳುವುದು ತುಂಬಾ ಕಷ್ಟ. ಬ್ಲಾಬ್‌ಫಿಶ್‌ಗೆ ಅದಿಲ್ಲ. ಬದಲಿಗೆ ಮೈಯೆಲ್ಲ ನೀರು ತುಂಬಿದ ಲೋಳೆಮಾಂಸ. ಅದರ ತೂಕ ಅಷ್ಟೇ ಗಾತ್ರದ ಸಮುದ್ರದ ನೀರಿಗಿಂತ ಒಂದು ಚೂರು ಕಡಿಮೆ. ಸ್ನಾಯು ಕಡಿಮೆ, ಮೂಳೆ ಮೆತ್ತಗೆ. ಕಷ್ಟಪಡದೆ ತಳದ ಹತ್ತಿರ ಇದ್ದುಬಿಡಬಹುದು. ಸುತ್ತಲಿನ ನೀರೇ ಮೈಯನ್ನು ಹಿಡಿದು ನಿಲ್ಲಿಸುತ್ತದೆ. ಮೇಲೆ ತಂದರೆ ಆ ಆಸರೆ ಹೋಗುತ್ತದೆ, ಅದರ ಮೇಲೆ ಬಲೆಯ ಪೆಟ್ಟು ಬೇರೆ.

ಅಲ್ಲಿಗೆ ನನ್ನ ಲೆಕ್ಕ ಸಿಕ್ಕಿತು. ಜೀವಂತ ಮೀನಿನ ಆಕಾರದಲ್ಲೇ ಅಚ್ಚು ತೆಗೆಯಬೇಕು. ಒಳಗೆ ಗಟ್ಟಿ ಏನೂ ಇರಬಾರದು. ನೀರಲ್ಲಿ ಬಿಟ್ಟರೆ ನೆಟ್ಟಗಿರಬೇಕು, ಎತ್ತಿ ತಟ್ಟೆಗೆ ಹಾಕಿದರೆ ತಾನಾಗಿ ಕುಸಿಯಬೇಕು.

ಮೊದಲು ಆವೆಮಣ್ಣಿನಲ್ಲಿ ಮೂಲ ಮಾಡಿದೆ. ಇದರ ಹತ್ತಿರದ ಸಂಬಂಧಿಗಳನ್ನು ಆಳದಲ್ಲೇ ತೆಗೆದ ಚಿತ್ರಗಳಿವೆ, ಅವನ್ನು ಎದುರಿಗಿಟ್ಟುಕೊಂಡೆ. ಗೊದಮೊಟ್ಟೆಯ ಹಾಗೆ ತಲೆ ದಪ್ಪ, ಬಾಲದ ಕಡೆಗೆ ಸಣ್ಣ. ಪಕ್ಕದ ರೆಕ್ಕೆಗಳು ಬೀಸಣಿಗೆಯಂತೆ ಅಗಲ. ಉದ್ದ ಒಂದಡಿಯಷ್ಟು ಇಟ್ಟೆ, ನಿಜವಾದ ಮೀನೂ ಸುಮಾರು ಅಷ್ಟೇ ಇರುತ್ತದೆ. ಮೂಗು ಇಡಲೇ ಇಲ್ಲ. ಮಕ್ಕಳಿಗೆ ಇದು ಒಂಚೂರೂ ಇಷ್ಟವಾಗಲಿಲ್ಲ. 'ಸರ್, ಇದು ಬರೀ ಮೀನು' ಅಂದಳು ಒಬ್ಬಳು.

ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಡು ಹೋಳಿನ ಅಚ್ಚು. ಇಲ್ಲಿ ಒಂದು ಮಾತು: ಅಚ್ಚಿಗೆ ಎಣ್ಣೆ ಸವರಬೇಡಿ. ನಾವು ಸುರಿಯುವುದು ರಬ್ಬರ್ ಹಾಲು. ಒಣಗಿದ ಪ್ಲಾಸ್ಟರ್ ಅದರ ನೀರನ್ನು ಹೀರಿಕೊಂಡರೇ ಒಳಗೋಡೆಗೆ ತೆಳ್ಳಗಿನ ಚರ್ಮ ಕಟ್ಟುವುದು. ಎಣ್ಣೆ ಇದ್ದರೆ ಹೀರುವುದಿಲ್ಲ.

ರಬ್ಬರ್ ಹಾಲು ಕಾರ್ಕಳದ ಕಡೆ ತೋಟ ಇರುವ ಗೆಳೆಯನ ಹತ್ತಿರ ಸಿಕ್ಕಿತು. ಹೆಪ್ಪುಗಟ್ಟದ ಹಾಗೆ ಅಮೋನಿಯಾ ಹಾಕಿರುತ್ತಾರೆ, ವಾಸನೆ ಕಣ್ಣಿಗೆ ಹೊಡೆಯುತ್ತದೆ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು. ಮಕ್ಕಳನ್ನು ಈ ಹಂತದಲ್ಲಿ ಹತ್ತಿರ ಬಿಡಲಿಲ್ಲ. ಹಾಲಿಗೇ ಸ್ವಲ್ಪ ಗುಲಾಬಿ, ಸ್ವಲ್ಪ ಬೂದು ಅಕ್ರಿಲಿಕ್ ಬಣ್ಣ ಬೆರೆಸಿದೆ. ಒಣಗಿದಾಗ ರಬ್ಬರಿನ ಬಿಳುಪು ಹೋಗಿ ಬಣ್ಣ ಗಾಢವಾಗುತ್ತದೆ, ಹಾಗಾಗಿ ತೆಳುವಾಗಿ ಬೆರೆಸಿದರೆ ಸಾಕು. ಅಚ್ಚಿಗೆ ಸುರಿದು, ಚರ್ಮ ಕಟ್ಟುವಷ್ಟು ಹೊತ್ತು ಬಿಟ್ಟು, ಉಳಿದದ್ದನ್ನು ವಾಪಸ್ ಬಗ್ಗಿಸಿದೆ. ಪೂರ್ತಿ ಒಣಗಿದ ಮೇಲೆ ಬಿಡಿಸುವಾಗ ಒಳಗೂ ಹೊರಗೂ ಟಾಲ್ಕಂ ಪೌಡರ್ ಉದುರಿಸಬೇಕು. ಇಲ್ಲದಿದ್ದರೆ ರಬ್ಬರ್ ತನಗೆ ತಾನೇ ಅಂಟಿಕೊಂಡು ಬಿಡಿಸಲಾಗದ ಗಂಟಾಗುತ್ತದೆ.

ತುಂಬಲು ಏನು? ಜೆಲಾಟಿನ್ ಚೆನ್ನಾಗಿ ಕುಲುಕುತ್ತದೆ. ಆದರೆ ನಮ್ಮ ಕರಾವಳಿಯ ಸೆಕೆಗೆ ಕರಗಿ ನೀರಾಗುತ್ತದೆ. ಪ್ರಾಣಿಯ ಮೂಳೆ, ಚರ್ಮದಿಂದ ಬರುವ ವಸ್ತು ಅಂತ ಗೊತ್ತಾದರೆ ಕೆಲವು ಮನೆಯವರು ಮುಟ್ಟಬೇಡ ಅಂತಲೂ ಹೇಳಿಯಾರು. ಅದಕ್ಕೆ ದಿನಸಿ ಅಂಗಡಿಯ ಚೀನಾ ಗ್ರಾಸ್ ತಂದೆ. ಅದು ಸಮುದ್ರದ ಪಾಚಿಯಿಂದ ಮಾಡಿದ್ದು, ಸೆಕೆಗೆ ಕರಗುವುದಿಲ್ಲ. ಗಟ್ಟಿ ನಿಲ್ಲುವುದೇ ಅದರ ತೊಂದರೆ. ನೀರು ಜಾಸ್ತಿ ಹಾಕಿ ಕುದಿಸಿ, ಹೆಪ್ಪಾದ ಮೇಲೆ ಕೈಯಿಂದ ಚೆನ್ನಾಗಿ ಹಿಸುಕಿದೆ. ಚೂರುಚೂರಾದ ಲೋಳೆ ಆಯಿತು. ಚರ್ಮದ ಹೊಟ್ಟೆಯ ತೂತಿನಿಂದ, ಬಕೆಟ್ ನೀರಿನೊಳಗೇ ಹಿಡಿದು ಅದನ್ನು ತುಂಬಿದೆ. ಒಂದು ಗುಳ್ಳೆ ಗಾಳಿ ಕೂಡ ಒಳಗೆ ಉಳಿಯಬಾರದು ಅಲ್ವಾ, ಗಾಳಿ ಇಲ್ಲದಿರುವುದೇ ಈ ಮೀನಿನ ವಿಶೇಷ. ತೂತಿಗೆ ಸೈಕಲ್ ಪಂಕ್ಚರ್ ಪ್ಯಾಚ್. ಕಣ್ಣಿಗೆ ಎರಡು ಕಪ್ಪು ಮಣಿ.

ಗಾಜಿನ ತೊಟ್ಟಿಯ ನಲ್ಲಿನೀರಿನಲ್ಲಿ ಮೀನು ಮುಳುಗಿ ತಳ ಸೇರಿತು. ಹಿಡಿಹಿಡಿಯಾಗಿ ಉಪ್ಪು ಹಾಕಿ ಕದಡುತ್ತಾ ಹೋದೆ. ಒಂದು ಹಂತದಲ್ಲಿ ಅದು ತಳ ಬಿಟ್ಟು ಮೇಲೆದ್ದು, ಅರ್ಧದಲ್ಲೇ ನಿಂತಿತು. ತಲೆ ದುಂಡಗೆ, ಬಾಲ ನೇರ. ನಂತರ ಎರಡೂ ಕೈಯಲ್ಲಿ ಎತ್ತಿ ತಟ್ಟೆಗೆ ಹಾಕಿದೆ. ತಲೆ ಅಗಲಕ್ಕೆ ಹರಡಿತು, ಬಾಯಿಯ ಎರಡೂ ತುದಿ ಕೆಳಕ್ಕೆ ಇಳಿಯಿತು, ಕಣ್ಣುಗಳ ನಡುವಿನ ಚರ್ಮ ಮಡಚಿ ಮುಂದಕ್ಕೆ ಜೋತಿತು. ಫೋಟೋದಷ್ಟು ದೊಡ್ಡ ಮೂಗಲ್ಲ ನಿಜ. ಆದರೂ ಮಕ್ಕಳು 'ಬಂತು, ಬಂತು' ಅಂತ ಕೂಗಿದರು. ಬರೀ ಮೀನು ಅಂದವಳೇ ಎಲ್ಲರಿಗಿಂತ ಜೋರಾಗಿ ಕೂಗಿದ್ದು.

ಪಕ್ಕದಲ್ಲಿ ಒಂದು ದೊಡ್ಡ ಸಿರಿಂಜ್ ಇಟ್ಟಿದ್ದೆವು. ಅದರೊಳಗೆ ಎರಡು ಪುಟ್ಟ ಬಲೂನು, ಒಂದಕ್ಕೆ ಗಾಳಿ, ಇನ್ನೊಂದಕ್ಕೆ ನೀರು. ಬಾಯಿ ಮುಚ್ಚಿ ಹಿಡಿಕೆ ಎಳೆದರೆ ಗಾಳಿಯದ್ದು ಉಬ್ಬುತ್ತದೆ, ನೀರಿನದ್ದು ಇದ್ದ ಹಾಗೇ ಇರುತ್ತದೆ. ಗಾಳಿಚೀಲ ಇರುವ ಮೀನನ್ನು ಆಳದಿಂದ ಬೇಗ ಎಳೆದರೆ ಕೆಲವೊಮ್ಮೆ ಹೊಟ್ಟೆ ಬಾಯಿಯಿಂದ ಹೊರಗೆ ಬಂದಿರುತ್ತದೆ. ಮೀನುಗಾರರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ, ಅವರೇ ಉಳಿದವರಿಗೆ ಹೇಳಿದರು.

ಬಂದವರೆಲ್ಲ ತೊಟ್ಟಿಯನ್ನು ಒಮ್ಮೆ ನೋಡಿ ತಟ್ಟೆಯ ಹತ್ತಿರವೇ ನಿಲ್ಲುತ್ತಿದ್ದರು. ಯಾಕೆ ಅಂತ ಚಿತ್ರ ಬರೆಯುವವನ ಕಣ್ಣಿನಿಂದ ಯೋಚಿಸಿದೆ. ಮೀನಿನ ಚಾರ್ಟು ಯಾವುದೇ ತೆಗೆಯಿರಿ, ಎಲ್ಲ ಮೀನೂ ಪಕ್ಕದಿಂದಲೇ ಬರೆದಿರುತ್ತವೆ. ಒಂದು ಕಣ್ಣು, ಅರ್ಧ ಬಾಯಿ. ಅದರಲ್ಲಿ ಮುಖ ಅನ್ನುವುದೇ ಕಾಣಿಸುವುದಿಲ್ಲ. ಮಿಸ್ಟರ್ ಬ್ಲಾಬಿ ನಮ್ಮ ಎದುರಿಗೆ ತಿರುಗಿದೆ. ಎರಡು ಕಣ್ಣು, ನಡುವೆ ಮೂಗು, ಕೆಳಗೆ ಬಾಯಿ. ಆ ಫೋಟೋದ ಮೂಗನ್ನು ಬೆರಳಿನಿಂದ ಮುಚ್ಚಿ ನೋಡಿ, ಅರ್ಧ ದುಃಖ ಮಾಯವಾಗುತ್ತದೆ. ಅದರ ಬಾಯಿಯ ಮೂಲೆಯಲ್ಲಿ ಹಳದಿಯಾಗಿ ಕಾಣುವುದನ್ನು ಜೊಲ್ಲು ಅಂದುಕೊಳ್ಳುವವರಿದ್ದಾರೆ. ಅದೊಂದು ಪರಾವಲಂಬಿ ಜೀವಿ, ಸಿಗಡಿಯ ದೂರದ ಸಂಬಂಧಿ. ನಾನು ಹಳದಿ ನೂಲಿನಲ್ಲಿ ಅದನ್ನೂ ಮಾಡಿ ಅಂಟಿಸಿದೆ.

2013ರಲ್ಲಿ ಬ್ರಿಟನ್ನಿನಲ್ಲಿ ಕುರೂಪಿ ಪ್ರಾಣಿಗಳ ಪರವಾದ ಒಂದು ಸಂಘ ಮತ ಹಾಕಿಸಿ ಬ್ಲಾಬ್‌ಫಿಶ್ಶನ್ನೇ ತನ್ನ ಲಾಂಛನ ಮಾಡಿಕೊಂಡಿತು. ತಮಾಷೆಗೆ ಮಾಡಿದ್ದು, ಉದ್ದೇಶ ಒಳ್ಳೆಯದೇ. ಆದರೂ ನನಗೆ ಅಷ್ಟು ಹಿಡಿಸಲಿಲ್ಲ. ಸತ್ತು ಕುಸಿದ ಮೈ ನೋಡಿ ರೂಪ ಅಳೆದರೆ ಯಾರು ತಾನೇ ಗೆಲ್ಲುತ್ತಾರೆ? 2025ರಲ್ಲಿ ನ್ಯೂಜಿಲೆಂಡಿನ ವರ್ಷದ ಮೀನು ಸ್ಪರ್ಧೆಯಲ್ಲೂ ಇದೇ ಗೆದ್ದಿತು. ಅಲ್ಲಿ ಎರಡನೆಯದಾಗಿ ಬಂದದ್ದು ಆರೆಂಜ್ ರಫಿ ಅನ್ನುವ ಇನ್ನೊಂದು ಆಳಸಮುದ್ರದ ಮೀನು. ಈ ಆರೆಂಜ್ ರಫಿಗಾಗಿ ತಳ ಗುಡಿಸುವ ಬಲೆ ಎಳೆಯುವಾಗಲೇ ಬ್ಲಾಬ್‌ಫಿಶ್ ಕೂಡ ಸಿಕ್ಕಿಬೀಳುವುದು. ಇದನ್ನು ಯಾರೂ ತಿನ್ನಲಿಕ್ಕೆಂದು ಹಿಡಿಯುವುದಿಲ್ಲ. ಪ್ರದರ್ಶನದಲ್ಲಿ ಅತಿ ಹೆಚ್ಚು ಕೇಳಿಬಂದ ಪ್ರಶ್ನೆ ಮಾತ್ರ 'ಇದರ ಗಸಿ ಚೆನ್ನಾಗಿರುತ್ತದಾ?'

ಮಾದರಿ ಈಗಲೂ ಇದೆ. ಬಿಸಿಲಿಗೆ ಇಟ್ಟರೆ ರಬ್ಬರ್ ಅಂಟಂಟಾಗುತ್ತದೆ, ಹಾಗಾಗಿ ಕಪಾಟಿನಲ್ಲಿ ಪೌಡರ್ ಹಾಕಿ ಮಡಚಿಟ್ಟಿದ್ದೇನೆ. ಲೋಳೆ ಪ್ರತಿ ಸಲ ಹೊಸತು.

ಮುಂದಿನ ವರ್ಷಕ್ಕೆ ಇದರ ಸಂಬಂಧಿಯೊಂದನ್ನು ಮಾಡುವ ಆಸೆ. ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಗೋರ್ಡಾ ಎಸ್ಕಾರ್ಪ್‌ಮೆಂಟ್ ಅನ್ನುವ ಜಾಗದಲ್ಲಿ, ಸುಮಾರು 1,600 ಮೀಟರ್ ಕೆಳಗೆ, ಬ್ಲಾಬ್ ಸ್ಕಲ್ಪಿನ್ ಮೀನುಗಳು ಬಂಡೆಯ ಮೇಲೆ ಮೊಟ್ಟೆಯಿಟ್ಟು ಅದರ ಪಕ್ಕದಲ್ಲೇ ಕಾವಲು ಕೂತಿದ್ದನ್ನು ವಿಜ್ಞಾನಿಗಳು ಯಂತ್ರದ ಕ್ಯಾಮೆರಾದಲ್ಲಿ ಕಂಡಿದ್ದಾರೆ. ಮೀನಿಗೆ ಅಚ್ಚು ಹೇಗೂ ಇದೆ, ಸ್ವಲ್ಪ ತಿದ್ದಿದರಾಯಿತು. ಸಾವಿರಾರು ಮೊಟ್ಟೆ ಮಾಡುವುದು ಹೇಗೆ ಅಂತ ಕೇಳಿದ್ದಕ್ಕೆ, ಸಬ್ಬಕ್ಕಿ ಬೇಯಿಸಿ ಅಂಟಿಸೋಣ ಸರ್ ಅಂತ ಒಬ್ಬ ಹುಡುಗ ಹೇಳಿದ್ದಾನೆ.