ಹೆಸರಿನ ಬಾಲ: ಹವ್ಯಾಸದ ಜಾಲತಾಣಕ್ಕೆ ಹೆಸರಿಡುವ ಮುನ್ನ

ಹಕ್ಕಿ ನೋಡುವ ಹವ್ಯಾಸಕ್ಕೊಂದು ಜಾಲತಾಣ ಕಟ್ಟಹೊರಟವರಿಗೆ ಹೆಸರಿನ ಮೊದಲ ಭಾಗ ಸುಲಭವಾಗಿ ಸಿಗುತ್ತದೆ; ತೊಡಕೆಲ್ಲ ಇರುವುದು ಕೊನೆಯ ಪ್ರತ್ಯಯದಲ್ಲಿ. ‘ಹಕ್ಕಿ’ ಎಂಬುದು ವಿಷಯವನ್ನಷ್ಟೇ ತಿಳಿಸುತ್ತದೆ, ಅದಕ್ಕೆ ಅಂಟಿಕೊಂಡ ಬಾಲವಾದರೋ ತಾಣವನ್ನು ನಡೆಸುವವರು ಎಂಥವರೆಂಬ ಊಹೆಯನ್ನು ಓದುಗರಲ್ಲಿ ಮೊದಲೇ ಮೂಡಿಸಿಬಿಡುತ್ತದೆ.

ಆದ್ದರಿಂದ ಪ್ರತ್ಯಯವೊಂದು ಹಿಡಿಸಿದೊಡನೆ ಅದೇ ಪ್ರತ್ಯಯವುಳ್ಳ ಬಳಕೆಯ ಪದಗಳನ್ನು ಸಾಲಾಗಿ ಬರೆದು ನೋಡಬೇಕು. ‘ಗಾರ’ ಎಂದರೆ ಹಾಡುಗಾರ, ಮಾತುಗಾರ, ಸಾಲಗಾರ, ಮೋಸಗಾರ, ಬೇಟೆಗಾರ. ಈ ಸಾಲಿನಲ್ಲಿ ‘ಹಕ್ಕಿಗಾರ’ ಬಂದು ನಿಂತರೆ ಬೇಟೆಗಾರನ ಪಕ್ಕಕ್ಕೇ ಸರಿದು, ಹಕ್ಕಿ ಹಿಡಿದು ಮಾರುವವನಂತೆ ಕೇಳಿಸುತ್ತದೆ. ಲಂಚಕೋರ, ಚಾಡಿಕೋರ, ದಂಗೆಕೋರರ ‘ಕೋರ’ವನ್ನಂತೂ ಮುಟ್ಟದಿರುವುದೇ ಲೇಸು. ‘ತಿಂಡಿಪೋತ’, ‘ಹೊಟ್ಟೆಬಾಕ’ ಮುಂತಾದವು ಬೈಗುಳಗಳಾದರೂ ಅಡುಗೆಯ ತಾಣಕ್ಕೆ ಒಪ್ಪುತ್ತವೆ. ತನ್ನನ್ನೇ ಗೇಲಿ ಮಾಡಿಕೊಳ್ಳುವವರ ಮನೆಯ ಊಟ ರುಚಿಯಾಗಿರಬಹುದೆಂದು ನಾವು ನಂಬುತ್ತೇವಷ್ಟೆ.

ಹೆಚ್ಚು ಎಚ್ಚರ ಬೇಕಾದದ್ದು ‘ಇಗ’ ಪ್ರತ್ಯಯದಲ್ಲಿ. ಅಂಬಿಗ, ಗಾಣಿಗ, ಕನ್ನಡಿಗ ಎಂಬ ಪದಗಳಲ್ಲಿ ಅದು ಘನತೆಯಿಂದಲೇ ಕೂತಿದೆ. ತದ್ಧಿತಗಳಿಗೆಂದೇ, ಅಂದರೆ ನಾಮಪದಕ್ಕೆ ಅಂಟಿ ಹೊಸ ಪದ ಕಟ್ಟುವ ಪ್ರತ್ಯಯಗಳಿಗೆಂದೇ, ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣವನ್ನು ಮೀಸಲಿಟ್ಟ 13ನೇ ಶತಮಾನದ ಕೇಶಿರಾಜನ ಕಾಲದಿಂದಲೂ ವ್ಯಾಕರಣಕಾರರಿಗೆ ಇಂಥ ಪ್ರತ್ಯಯಗಳ ಪರಿಚಯವಿದೆ. ಆದರೂ ಹೊಸದಾಗಿ ‘ಹಕ್ಕಿಗ’ ಎಂದು ಕಟ್ಟಿದರೆ ಮೈಸೂರಿನ ಓದುಗರು ‘ಹಕ್ಕಿಗೆ’ ಎಂಬುದರಲ್ಲಿ ಎತ್ವ ಬಿಟ್ಟುಹೋಗಿದೆ ಎಂದುಕೊಳ್ಳಬಹುದು. ‘ಹಕ್ಕಿಗ ಕಾಳ ಹಾಕು’ ಎನ್ನುವ ಧಾರವಾಡದವರಿಗೆ ಅದು ನೇರವಾಗಿ ಚತುರ್ಥಿ ವಿಭಕ್ತಿಯೇ ಆಗಿಬಿಡುತ್ತದೆ. ಹೆಸರು ಅರ್ಧದಲ್ಲಿ ನಿಂತ ವಾಕ್ಯದಂತೆ ತೋರುವುದು ಹೀಗೆ. ಇದಲ್ಲದೆ ‘ಗಾರ’, ‘ಇಗ’ ಎರಡೂ ಪುಲ್ಲಿಂಗದವು. ಹೆಂಗಸರೂ ಬರೆಯುವ ತಾಣವಾದರೆ ‘ಮನೆ’, ‘ತಾಣ’, ‘ಗೂಡು’ ಎಂಬ ಜಾಗಸೂಚಕ ಪದಗಳು ಮೇಲು. ‘ಲೋಕ’ ಮಾತ್ರ ಬಳಸಿ ಬಳಸಿ ಸವೆದಿದೆ ಎಂದು ನನ್ನ ಅನಿಸಿಕೆ.

ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆದು ನೋಡಿ. ಅಲ್ಲಿ ಲಕಾರ ಳಕಾರಗಳ ಭೇದ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ ‘ತೋಟಕಲೆ’ ಎಂಬ ಅಂದದ ಹೆಸರು ತೋಟದ ಕಳೆಯಾಗಿಬಿಡಬಹುದು. ಕನ್ನಡ ಲಿಪಿಯ ‘.ಭಾರತ’ ವಿಳಾಸವನ್ನು ಪಡೆದರೆ ಈ ಗೊಂದಲವಿಲ್ಲ, ಆದರೆ ಓದುಗರ ಬಳಿ ಕನ್ನಡ ಕೀಲಿಮಣೆ ಇರಬೇಕಾಗುತ್ತದೆ. ‘ಡಾಟ್ ಇನ್’ ನಮ್ಮ ದೇಶದ್ದೆಂದು ಹಲವರಿಗೆ ಗೊತ್ತು. ‘ಡಾಟ್ ಐಒ’ ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶಕ್ಕೆ ಹಂಚಿಕೆಯಾದದ್ದಾದರೂ ಸಾಫ್ಟ್‌ವೇರ್ ಕಂಪನಿಗಳ ಗುರುತಿನಂತಾಗಿರುವುದರಿಂದ, ಹಕ್ಕಿಯ ತಾಣಕ್ಕೆ ಅದನ್ನು ಅಂಟಿಸಿದರೆ ಓದುಗರು ಯಾವುದೋ ಆ್ಯಪ್ ಇರಬೇಕೆಂದು ಭಾವಿಸಿಯಾರು.

ಕೊನೆಗೆ, ಈ ಹವ್ಯಾಸದ ಗಂಧವಿಲ್ಲದ ನೆಂಟರೊಬ್ಬರಿಗೆ ಫೋನಿನಲ್ಲಿ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಬರೆದು ಕಳುಹಿಸಲು ಕೇಳಿ. ಅವರು ‘ಏನಂದ್ರಿ?’ ಎಂದು ಎರಡು ಸಲ ಕೇಳಿದರೆ ಹಣ ಕಟ್ಟುವುದನ್ನು ಇನ್ನೊಂದು ವಾರ ಮುಂದೂಡಿ.