20 ಅಡಿ ಬೆಡ್‌ರೂಮನ್ನು ಎರಡು ಮಾಡಿದ್ದು: ಗೆರೆ, ತೂಕ, ಬಾಗಿಲು, ಫ್ಯಾನು

ತುಮಕೂರಿನ ಎಸ್.ಎಸ್. ಪುರಂನಲ್ಲಿ ಮೊದಲ ಮಹಡಿಯ ರೂಮು. ಒಳಗಿನ ಅಳತೆ 20 ಅಡಿಗೆ 12 ಅಡಿ, ಎತ್ತರ 10 ಅಡಿ. ಹೊರಗೋಡೆಗೆ 5 ಅಡಿ ಅಗಲ, 4 ಅಡಿ ಎತ್ತರದ ಎರಡು ಸ್ಲೈಡಿಂಗ್ ಕಿಟಕಿ. ಹಾಲ್ ಕಡೆಯ ಉದ್ದಗೋಡೆಯ ಒಂದು ತುದಿಗೆ ಬಾಗಿಲು. ಮೋಲ್ಡ್‌ನ (ಕಾಂಕ್ರೀಟ್ ಸ್ಲ್ಯಾಬಿನ) ನಟ್ಟನಡುವೆ ಒಂದೇ ಫ್ಯಾನ್ ಪಾಯಿಂಟ್. ಅಡ್ಡಗೋಡೆ ಏಳೋದು ಎರಡು ಮೂರು ದಿನದ ಕೆಲಸ. ಗೆರೆ ಎಲ್ಲಿ ಬರಬೇಕು ಅನ್ನೋದಕ್ಕೆ ಮಾತ್ರ ಅದಕ್ಕಿಂತ ಹೆಚ್ಚು ಹೊತ್ತು ಕೊಡಬೇಕು.

ಸರಿಯಾಗಿ ಅರ್ಧಕ್ಕೆ ಗೆರೆ ಎಳೆದರೆ ಅಡ್ಡಗೋಡೆ ನೇರವಾಗಿ ಫ್ಯಾನ್ ಬಾಕ್ಸ್ ಮೇಲೆಯೇ ಬಂದು ಕೂರುತ್ತದೆ. ಆ ಬಾಕ್ಸ್ ಮುಚ್ಚಿಹೋದರೆ ಅಲ್ಲಿಗೆ ಬಂದ ವೈರು ಮತ್ತೆ ಕೈಗೆ ಸಿಗೋದಿಲ್ಲ. ಬಾಕ್ಸ್‌ನಿಂದ ಗೋಡೆಗೆ ಹೋಗುವ ಪೈಪೂ ಅದೇ ಸಾಲಿನಲ್ಲಿರುವ ಸಂಭವ ಹೆಚ್ಚು, ಡ್ರಿಲ್ ಬಿಟ್ ಅದಕ್ಕೇ ತಗುಲುತ್ತದೆ. ಹಾಗಾಗಿ ಗೆರೆಯನ್ನು ಒಂದು ಅಡಿಯಷ್ಟು ಪಕ್ಕಕ್ಕೆ ಸರಿಸಿದೆ. ಒಂದು ರೂಮು 9 ಅಡಿ, 4 ಇಂಚು ಅಡ್ಡಗೋಡೆ, ಇನ್ನೊಂದು 10 ಅಡಿ 8 ಇಂಚು. ಹಳೇ ಬಾಕ್ಸ್ ದೊಡ್ಡ ರೂಮಿನಲ್ಲೇ ಉಳಿಯಿತು, ಬ್ಲಾಂಕ್ ಪ್ಲೇಟ್ ಹಾಕಿ ಅದನ್ನೇ ಜಂಕ್ಷನ್ (ವೈರು ಕವಲೊಡೆಯುವ ಜಾಗ) ಮಾಡಿಕೊಂಡೆ. ಚಿಕ್ಕ ರೂಮು 108 ಚದರಡಿ ಬರುತ್ತದೆ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿಗಿಂತ ಮೇಲೆ. 5 ಅಡಿ ಅಗಲದ ಮಂಚ ಹಾಕಿದರೂ ಓಡಾಡಲು ಜಾಗ ಉಳಿಯುತ್ತದೆ.

ಇನ್ನು ತೂಕ. ನಮ್ಮ ಕಡೆ ಮೇಸ್ತ್ರಿಗಳ ಬಾಯಲ್ಲಿ ಮೊದಲು ಬರೋದು 4 ಇಂಚಿನ ಸಾಲಿಡ್ ಬ್ಲಾಕ್. 12 ಅಡಿ ಉದ್ದ, 10 ಅಡಿ ಎತ್ತರದ ಆ ಗೋಡೆ ಎರಡೂ ಕಡೆ ಪ್ಲಾಸ್ಟರ್ ಸೇರಿ ಸುಮಾರು 3 ಟನ್ ತೂಗುತ್ತದೆ. ಕೆಳಗೆ ಅದೇ ಸಾಲಿನಲ್ಲಿ ಬೀಮ್ ಇದ್ದರೆ ಇಂಜಿನಿಯರ್‌ಗೆ ತೋರಿಸಿ ಕಟ್ಟಬಹುದು. ಬೀಮ್ ಇಲ್ಲದೆ 5 ಇಂಚಿನ ಮೋಲ್ಡ್ ನಡುವೆ ಇಳಿಸಿದರೆ ಮೋಲ್ಡ್ ಬಾಗುತ್ತದೆ, ಕೆಳಮನೆಯ ಸೀಲಿಂಗ್‌ನಲ್ಲಿ ಗೆರೆ ಬಿಡುತ್ತದೆ. ಮನೆಯ ಮೋಲ್ಡನ್ನು ಲೆಕ್ಕ ಹಾಕುವಾಗ ಜನ, ಸಾಮಾನು ಅಂತ ಹಿಡಿಯೋದೇ ಚದರ ಮೀಟರಿಗೆ 200 ಕೆಜಿ, ಈ ಗೋಡೆ ಒಂದೇ ಗೆರೆಯ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಹೇರುತ್ತದೆ. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕ್ ಆದರೂ ಪ್ಲಾಸ್ಟರ್ ಸೇರಿ ಒಂದೂಕಾಲು ಟನ್ ದಾಟುತ್ತದೆ. ಜಿಐ (ಸತು ಲೇಪಿಸಿದ ತಗಡಿನ) ಫ್ರೇಮಿಗೆ ಎರಡೂ ಕಡೆ ಎರಡೆರಡು ಪದರ ಜಿಪ್ಸಮ್ ಬೋರ್ಡ್ ಹೊಡೆದರೆ ಅರ್ಧ ಟನ್‌ಗಿಂತ ಕಡಿಮೆ. ಇಲ್ಲಿ ಕೆಳಗೆ ಬೀಮ್ ಇರಲಿಲ್ಲ, ಆದ್ದರಿಂದ ಜಿಪ್ಸಮ್. ಮರದ ರೀಪರ್ ಫ್ರೇಮ್ ಅಗ್ಗ ಅನ್ನಿಸಬಹುದು, ಆದರೆ ನಮ್ಮ ಗೆದ್ದಲಿಗೆ ಹಬ್ಬ.

ಪೇಟೆಯ ಹಳೇ ಕಲ್ಲುಚಪ್ಪಡಿ ಮನೆಗಳ ಮಾತೇ ಬೇರೆ. ಚಪ್ಪಡಿ ಬಾಗೋದಿಲ್ಲ, ಮುನ್ಸೂಚನೆ ಕೊಡದೆ ಮುರಿಯುತ್ತದೆ. ಅದರ ಮೇಲೆ ಬ್ಲಾಕ್ ಗೋಡೆಯ ಯೋಚನೆಯನ್ನೇ ಮಾಡಬೇಡಿ. ಜಿಪ್ಸಮ್ ಫ್ರೇಮಿನ ಮೇಲಿನ ಚಾನೆಲ್ (ಚಾವಣಿಗೂ ನೆಲಕ್ಕೂ ಹೊಡೆಯುವ ಅಡ್ಡ ತಗಡುಪಟ್ಟಿ) ಕೂರಿಸುವಾಗಲೂ ಎರಡು ಚಪ್ಪಡಿ ಸೇರುವ ಸಂದಿಯಿಂದ ಕನಿಷ್ಠ 4 ಇಂಚು ದೂರದಲ್ಲಿ ತೂತು ಹಾಕಿ. ಅಂಚಿನಲ್ಲಿ ಹ್ಯಾಮರ್ ಬಿಟ್ಟರೆ ಚಕ್ಕೆ ಏಳುತ್ತದೆ.

ಎರಡನೇ ರೂಮಿನ ಬಾಗಿಲಿಗೆ ಎರಡು ದಾರಿ ಇತ್ತು. ಒಳಗೇ 3 ಅಡಿ ಓಣಿ ಬಿಟ್ಟರೆ 30 ಚದರಡಿ ಹೋಗುತ್ತದೆ. ಅದಕ್ಕೆ ಹಾಲ್ ಗೋಡೆಯಲ್ಲೇ ಹೊಸ ಬಾಗಿಲು ತೆಗೆದೆ. ತೆಗೆಯುವ ಮುನ್ನ 7 ಅಡಿ ಎತ್ತರದಲ್ಲಿ ಅಂಗೈಯಗಲ ಪ್ಲಾಸ್ಟರ್ ಕೆತ್ತಿ ನೋಡಬೇಕು. ಕಾಂಕ್ರೀಟ್ ಕಂಡರೆ ಲಿಂಟಲ್ (ಬಾಗಿಲು, ಕಿಟಕಿಯ ಮೇಲೆ ಭಾರ ಹೊರುವ ಕಾಂಕ್ರೀಟ್ ಪಟ್ಟಿ) ಗೋಡೆಯುದ್ದಕ್ಕೂ ಓಡಿದೆ ಅಂತ, ಅದರ ಕೆಳಗೆ ಕತ್ತರಿಸಬಹುದು. ಇಟ್ಟಿಗೆಯೋ ಬ್ಲಾಕೋ ಕಂಡರೆ ಮೊದಲು ಜಾಕಿ ಕೊಟ್ಟು, ಎರಡೂ ಕಡೆ 6 ಇಂಚು ಕೂರುವಂತೆ ಲಿಂಟಲ್ ಇಟ್ಟು, ಅದು ಗಟ್ಟಿಯಾದ ಮೇಲೆ ಕೆಳಗಿನದನ್ನು ಬಿಚ್ಚಬೇಕು. ಕಾಲಮ್ ಇಲ್ಲದ 9 ಇಂಚಿನ ಗೋಡೆಯಾದರೆ ಇಂಜಿನಿಯರ್ ಬಂದು ನೋಡದೆ ಕೈ ಹಾಕಬೇಡಿ. ಸುತ್ತಿಗೆಯಿಂದ ಒಡೆದರೆ ಪಕ್ಕದ ಪ್ಲಾಸ್ಟರೂ ಸಡಿಲವಾಗುತ್ತದೆ. ಎರಡೂ ಮುಖದಿಂದ ಕಟ್ಟರ್ ಹಾಕಿಸಿ, ದಾರಂದಕ್ಕೆ ಪಕ್ಕಕ್ಕೆ ಮೂರರಂತೆ ಹೋಲ್ಡ್‌ಫಾಸ್ಟ್ (ಅದನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ) ಕೊಡಿ.

ಗುರುತು ಹಾಕೋದು ನೆಲದಿಂದ ಶುರು. 3-4-5 ಅಡಿ ಲೆಕ್ಕದಲ್ಲಿ ಮೂಲೆ ಹಿಡಿದು ದಾರ ಎಳೆದು, ತೂಕದ ಗುಂಡು ಇಳಿಬಿಟ್ಟು ಅದೇ ಗೆರೆಯನ್ನು ಮೋಲ್ಡಿಗೆ ಏರಿಸಿದೆ. ಗೋಡೆಗೆ ತಾಗುವ ಕಡೆ ಸ್ಕರ್ಟಿಂಗ್ ಟೈಲನ್ನು ಗ್ರೈಂಡರ್‌ನಿಂದ 4 ಇಂಚು ಕತ್ತರಿಸಿ ತೆಗೆಯಬೇಕು, ಇಲ್ಲವಾದರೆ ತುದಿಯ ಸ್ಟಡ್ (ಫ್ರೇಮಿನ ಲಂಬ ತಗಡುಪಟ್ಟಿ) ನೆಟ್ಟಗೆ ನಿಲ್ಲೋದಿಲ್ಲ. ನೆಲದ ಟೈಲ್ಸ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ತೂತು ಬೇಡ, ಬಿರುಕು ಬಿಡುತ್ತದೆ. ಉಳಿದ ಕಡೆ ಮೊದಲು ಟೈಲ್ ಬಿಟ್‌ನಲ್ಲಿ ಹ್ಯಾಮರ್ ಇಲ್ಲದೆ, ಟೈಲ್ ದಾಟಿದ ಮೇಲೆ ಹ್ಯಾಮರ್ ಹಾಕಿ.

ಮೇಲೆ ಕೆಳಗೆ 12 ಅಡಿಯ ಚಾನೆಲ್ ಒಂದೊಂದು, ಎರಡರ ಬೆನ್ನಿಗೂ ಫೋಮ್ ಟೇಪ್. 2 ಅಡಿಗೊಂದರಂತೆ 50 ಎಂಎಂ ಸ್ಟಡ್ ಒಟ್ಟು 7. ಪ್ರತಿ ಸ್ಟಡ್ಡನ್ನೂ ಎತ್ತರಕ್ಕಿಂತ 8-10 ಎಂಎಂ ಗಿಡ್ಡ ಕತ್ತರಿಸಿದೆ. ಮೋಲ್ಡ್ ಕೊಂಚ ಇಳಿದರೂ ಸ್ಟಡ್ ಮೇಲೆ ಭಾರ ಬೀಳಬಾರದು.

ಬೋರ್ಡಿನ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. 6 ಅಡಿಗೆ 4 ಅಡಿಯ 12.5 ಎಂಎಂ ಬೋರ್ಡು 24 ಚದರಡಿ. 120 ಚದರಡಿಯ ನಾಲ್ಕು ಪದರಕ್ಕೆ 20 ಸಾಕು ಅಂತ ಅಂಗಡಿಯವರು ಭಾಗಾಕಾರ ಮಾಡಿ ಕೊಡುತ್ತಾರೆ. ಆದರೆ 10 ಅಡಿ ಎತ್ತರಕ್ಕೆ ಒಂದು ಇಡೀ ಬೋರ್ಡು, ಮೇಲೊಂದು 4 ಅಡಿ ತುಂಡು ಬೇಕು. ಆ ತುಂಡು ಕತ್ತರಿಸಿದಾಗಲೆಲ್ಲ 2 ಅಡಿ ಉಳಿಯುತ್ತದೆ. ಉಳಿದದ್ದನ್ನು ಬಿಸಾಡಿದರೆ 24 ಬೋರ್ಡು ಬೇಕು. ಹೊರಪದರದ ತುಂಡುಗಳನ್ನು ಮೊದಲೇ ಕತ್ತರಿಸಿಟ್ಟು, ಉಳಿದ 2 ಅಡಿ ಚೂರುಗಳನ್ನು ಜೋಡಿ ಮಾಡಿ ಒಳಪದರಕ್ಕೆ ಬಳಸಿದರೆ 20ರಲ್ಲೇ ಮುಗಿಯುತ್ತದೆ. ಮೂಲೆ ಒಡೆದದ್ದಕ್ಕೆ ಅಂತ 22 ತರಿಸಿ. ಅಡ್ಡ ಸಂದಿಯ ಹಿಂದೆ ಚಾನೆಲ್ ತುಂಡು ಕೊಡೋದು ಕಡ್ಡಾಯ, ಅದಕ್ಕೆ ಇನ್ನೆರಡು ಚಾನೆಲ್ ಸೇರಿಸಿಕೊಳ್ಳಿ. ಸಂದಿಗಳು ಒಂದೇ ಸಾಲಿಗೆ ಬಾರದ ಹಾಗೆ ಒಂದು ಕಡೆ 6 ಅಡಿ ಕೆಳಗೆ, ಪಕ್ಕದ್ದರಲ್ಲಿ 6 ಅಡಿ ಮೇಲೆ. ಕಂಟ್ರಾಕ್ಟ್ ಕೊಡುವುದಾದರೆ, ಚದರಡಿ ರೇಟು ಗೋಡೆಯ ಒಂದು ಮುಖಕ್ಕೋ ಎರಡಕ್ಕೂ ಸೇರಿಯೋ, ಎಷ್ಟು ಪದರಕ್ಕೋ ಬರೆಸಿಕೊಳ್ಳಿ.

ಮೊದಲ ಪದರಕ್ಕೆ 25 ಎಂಎಂ ಸ್ಕ್ರೂ, ಎರಡನೆಯದಕ್ಕೆ 35 ಎಂಎಂ. ನಡುವೆ ಅಡಿಗೊಂದು, ಅಂಚಿನಲ್ಲಿ 8 ಇಂಚಿಗೊಂದು. ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಕಾಗದ ಹರಿದರೆ ಆ ಸ್ಕ್ರೂ ಇದ್ದೂ ಇಲ್ಲದಂತೆ, ಪಕ್ಕದಲ್ಲಿ ಇನ್ನೊಂದು ಹೊಡೆಯಿರಿ. ಬೋರ್ಡು ನೆಲದಿಂದ 10 ಎಂಎಂ ಮೇಲಿರಲಿ, ಇಲ್ಲವಾದರೆ ನೆಲ ಒರೆಸಿದ ನೀರು ಹೀರುತ್ತದೆ. ಆ ಸಂದಿಯನ್ನು ಸ್ಕರ್ಟಿಂಗ್ ಮುಚ್ಚುತ್ತದೆ.

ಒಂದು ಮುಖ ಮುಗಿದ ಮೇಲೆ ವೈರಿಂಗ್, ಆಮೇಲೆ 50 ಎಂಎಂ ರಾಕ್‌ವೂಲ್ (ಸದ್ದು ತಡೆಯುವ ಕಲ್ಲುನಾರಿನ ಹಾಸು), ಕೊನೆಗೆ ಇನ್ನೊಂದು ಮುಖ. ಲೈಟು ಫ್ಯಾನಿಗೆ 1.5 ಸ್ಕ್ವೇರ್ ಎಂಎಂ, ಪ್ಲಗ್ಗಿಗೆ 2.5. ಎರಡೂ ರೂಮಿನ ಪ್ಲಗ್ ಬಾಕ್ಸ್ ಬೆನ್ನಿಗೆ ಬೆನ್ನು ಬರಕೂಡದು, ಮಧ್ಯೆ ಒಂದು ಸ್ಟಡ್ ಆದರೂ ಇರಲಿ. ಇಲ್ಲವಾದರೆ ಆ ಕಡೆಯ ಮಾತು ಪ್ಲಗ್ಗಿನ ತೂತಿನಿಂದಲೇ ಕೇಳುತ್ತದೆ. ಟಿವಿ, ಕಪಾಟು ಬರುವ ಜಾಗಕ್ಕೆ ಸ್ಟಡ್‌ಗಳ ನಡುವೆ ಪ್ಲೈವುಡ್ ಕೊಟ್ಟು ಅದರ ಫೋಟೋ ತೆಗೆದಿಡಿ, ಮುಚ್ಚಿದ ಮೇಲೆ ಯಾರಿಗೂ ನೆನಪಿರೋದಿಲ್ಲ.

ಈ ರೂಮಿನಲ್ಲಿ 7 ಅಡಿ ಎತ್ತರಕ್ಕೆ ಸಜ್ಜೆ ಓಡಿತ್ತು. ಬೋರ್ಡನ್ನು ಸಜ್ಜೆಯ ಕೆಳಗೇ ನಿಲ್ಲಿಸಿ ಮೇಲೆ ಹಾಗೇ ಬಿಡೋದು ಮಾಮೂಲಿ. ಅಲ್ಲಿಗೆ ರಾಕ್‌ವೂಲ್ ಹಾಕಿದ ದುಡ್ಡು ದಂಡ. ಸಜ್ಜೆಯ ಮೇಲೂ ಮೋಲ್ಡ್ ತನಕ ಫ್ರೇಮ್, ಬೋರ್ಡು ಎರಡೂ ಬರಬೇಕು.

ಹೊಸ ಫ್ಯಾನಿಗೆ ಪ್ರತಿ ರೂಮಿನ ಮಧ್ಯಕ್ಕೆ 10 ಎಂಎಂ ಹುಕ್ ಫಾಸ್ಟನರ್ (ಮೋಲ್ಡಿನ ತೂತಿನಲ್ಲಿ ಬಿಗಿದು ಕೂರುವ ಕೊಕ್ಕೆ). ಕಂಬಿ ತಗುಲಿದರೆ ಎರಡಿಂಚು ಸರಿದು ಹೊಸ ತೂತು ಹಾಕಿ, ಕಂಬಿ ಕೊರೆಯಬೇಡಿ. ಹಳೇ ಬಾಕ್ಸ್‌ನಿಂದ ವೈರು ಕೇಸಿಂಗ್ ಪಟ್ಟಿಯೊಳಗೆ ಬಂತು. 9 ಅಡಿ ರೂಮಿನಲ್ಲೂ 1200 ಎಂಎಂ ಫ್ಯಾನಿನ ರೆಕ್ಕೆಗೂ ಗೋಡೆಗೂ ಎರಡೂವರೆ ಅಡಿ ಉಳಿಯುತ್ತದೆ. ಗಾಳಿಗೆ ಕಿಟಕಿ ಮಾತ್ರ ಸಾಲದು: 20 ಚದರಡಿ ಸ್ಲೈಡಿಂಗ್ ಕಿಟಕಿ ತೆರೆಯೋದು 10 ಮಾತ್ರ. ಹೊಸ ಬಾಗಿಲಿನ ಅಡಿ ಅಂಚಿಗೆ ಮುಕ್ಕಾಲು ಇಂಚು ಬಿಟ್ಟೆ. ಸದ್ದು ಸ್ವಲ್ಪ ಬರುತ್ತದೆ, ಆದರೆ ಬೇಸಿಗೆಯಲ್ಲಿ ಅದು ಬೇಕೇ ಬೇಕು.

ಸಂದಿಗಳಿಗೆ ಪೇಪರ್ ಟೇಪು, ಜಾಯಿಂಟಿಂಗ್ ಕಾಂಪೌಂಡ್ ಮೂರು ಕೋಟು, ಕೋಟಿಗೊಂದು ದಿನ ಒಣಗಲಿ. ಬೋರ್ಡು ಮೋಲ್ಡಿಗೂ ಹಳೇ ಗೋಡೆಗೂ ತಾಗುವ ಅಂಚಿಗೆ ಮಾತ್ರ ಪುಟ್ಟಿ ಬೇಡ. ಎರಡು ಬೇರೆ ಸಾಮಾನು ಬಿಸಿಲಿಗೆ ಬೇರೆ ಬೇರೆಯಾಗಿ ಹಿಗ್ಗುತ್ತವೆ, ಮೊದಲ ಬೇಸಿಗೆಗೇ ಪುಟ್ಟಿ ಗೆರೆ ಬಿಡುತ್ತದೆ. ಅಲ್ಲಿಗೆ ಪೇಂಟ್ ಹಿಡಿಯುವ ಅಕ್ರಿಲಿಕ್ ಸೀಲಂಟ್ ತುಂಬಿಸಿ. ಪೇಂಟರ್ ಬರುವ ಹೊತ್ತಿಗೆ ನೀವು ಅಲ್ಲೇ ಇರಿ, ಅಭ್ಯಾಸಬಲದಿಂದ ಅವರು ಪುಟ್ಟಿಯನ್ನೇ ಎಳೆದುಬಿಡುತ್ತಾರೆ.