ಸುರಂಗಕ್ಕೆ 10 ಸಾಲು ಸಾಕಾಯಿತು

ಪೆರ್ಲದ ಹತ್ತಿರ ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಅಜ್ಜ ಕೊರೆದ ಸುರಂಗ ಇದೆ. ಕಾಸರಗೋಡಿನ ಈ ಕಡೆ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತಾರೆ, ಒಬ್ಬ ಆಳು ಹೋಗುವಷ್ಟೇ ಅಗಲ. ಒಳಗಿನ ಒಸರು ಪಂಪಿಲ್ಲದೆ ತಾನಾಗಿ ಹರಿದು ಹೊರಗೆ ಬರುತ್ತದೆ. ಇದನ್ನು ಮಕ್ಕಳ ಚಿತ್ರಪುಸ್ತಕ ಮಾಡಬೇಕು ಅಂತ ಹೊರಟವಳು ಮೊದಲು 4 ಪುಟ ಬರೆದೆ. ಕತ್ತಲೆ, ಕಲ್ಲು ಕೊರೆಯುವ ಚೂಪು ಮೊನೆಯ ಪಿಕ್ಕಾಸಿನ ಸದ್ದು, ಅಜ್ಜನ ಮೈಗೆ ಮೆತ್ತಿದ ಕೆಂಪು ಮಣ್ಣು, ಒಂದನ್ನೂ ಬಿಟ್ಟಿರಲಿಲ್ಲ.

ಚಿತ್ರ ಬರೆಯುವ ಗೆಳತಿ ಓದಿ ಕೇಳಿದಳು, "ಎಲ್ಲ ನೀನೇ ಹೇಳಿದರೆ ನಾನು ಎಂತ ಬರೆಯುವುದು ಮಾರಾಯ್ತಿ?"

ಅವಳು ಹೇಳಿದ್ದು ಸರಿ ಅಲ್ವಾ? ಆರು ಎ4 ಹಾಳೆ ಮಡಚಿ ನಡುವೆ ಹೊಲಿದೆ. 24 ಪುಟದ ಕಚ್ಚಾ ಪುಸ್ತಕ. ಪ್ರೆಸ್ಸಿನಲ್ಲಿ ದೊಡ್ಡ ಹಾಳೆ ಮಡಚುವುದರಿಂದ ಪುಟದ ಲೆಕ್ಕ ಸಾಮಾನ್ಯವಾಗಿ 8ರ ಮಗ್ಗಿಯಲ್ಲೇ ಹೋಗುತ್ತದೆ. ಹೆಸರಿಗೆ, ಮುದ್ರಣದ ವಿವರಕ್ಕೆ 2 ಪುಟ ಹೋದರೆ ಉಳಿಯುವುದು 10 ಜೋಡಿಪುಟ, ಶುರುವಿಗೊಂದು ಕೊನೆಗೊಂದು ಒಂಟಿ ಪುಟ. ಒಂದೊಂದಕ್ಕೆ ಒಂದೇ ಸಾಲು ಅಂತ ಹಟ ಹಿಡಿದೆ. ಚಿತ್ರದಲ್ಲಿ ಕಾಣುವುದನ್ನೆಲ್ಲ ಹೊಡೆದು ಹಾಕಿದೆ. 'ಕತ್ತಲೆ' ಎಂಬ ಮಾತೂ ಹೋಯಿತು.

ಜಾಸ್ತಿ ದಿನ ತಿಂದದ್ದು ಪುಟ ತಿರುಗಿಸುವ ಜಾಗ. ಸುರಂಗದೊಳಗೆ ಬೆಳಕಿಗೂ, ಉಸಿರಾಡಲು ಗಾಳಿ ಸಾಕಾ ಅಂತ ನೋಡಲೂ ಮೊಂಬತ್ತಿ ಇಟ್ಟುಕೊಳ್ಳುತ್ತಿದ್ದರು. 'ಮೊಂಬತ್ತಿ ಆರಿತು' ಎಂಬ ಸಾಲು ಎಡಪುಟದಲ್ಲಿದ್ದಾಗ ಎದುರಿನ ಪುಟವೇ ಗುಟ್ಟು ಬಿಟ್ಟುಕೊಡುತ್ತಿತ್ತು. ಬಲಪುಟದ ಕೆಳತುದಿಗೆ ತಂದೆ. ತಿರುಗಿಸಿದರೆ ಎರಡೂ ಪುಟ ಬರೀ ಕಪ್ಪು, ಅಕ್ಷರವೇ ಇಲ್ಲ. ಅಲ್ಲಿಗೆ 11 ಸಾಲು ಉಳಿಯಿತು.

'ಪಿಕ್ಕಾಸು' ಬೇರೆ ಊರಿನವರಿಗೆ ಗೊತ್ತಾಗುವುದಿಲ್ಲ, 'ಗುದ್ದಲಿ' ಮಾಡಿ ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಪಿಕ್ಕಾಸು ಬೇರೆ, ಗುದ್ದಲಿ ಬೇರೆ. ಪಕ್ಕದಲ್ಲೇ ಚಿತ್ರ ಇದೆ, ಮಗು ನೋಡಿ ಕಲಿಯುತ್ತದೆ.

ಕಚ್ಚಾ ಪುಸ್ತಕ ಹಿಡಿದು ಒಂದು ಕನ್ನಡ ಶಾಲೆಗೆ ಹೋದೆ. ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಮರಾಟಿ ಮಾತಾಡುವ ಮಕ್ಕಳು. ಕಪ್ಪು ಪುಟ ಬಂದಾಗ ಬಾಯಿ ಬಿಡದೆ ಸುಮ್ನೆ ನಿಂತೆ. ಎಲ್ಲರೂ ಗಪ್‌ಚಿಪ್. ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲ "ಟಿಮ್... ಟಿಮ್..." ಅಂದ. ಅವನ ಮನೆಯಲ್ಲೂ ಸುರಂಗ ಉಂಟಂತೆ.

ಮುಂದಿನ ಪುಟದಲ್ಲಿ ನಾನು ಬರೆದಿದ್ದ ಸಾಲು 'ದೂರದಲ್ಲಿ ನೀರಿನ ಸದ್ದು ಕೇಳಿಸಿತು'. ಅದನ್ನು ಅವತ್ತೇ ಸಂಜೆ ಹೊಡೆದು ಹಾಕಿದೆ.